ಐದ ಗಂಟೆಗೆ ಬೀಸೂಕಲ್ಲು

ಸಂಜಿ ಐದಾತು ಅಂದ್ರ ನಮ್ಮ ಅತ್ತಿ ಗಂಟು ಕಟ್ಟಾಕ ಚಾಲೂ ಮಾಡ್ತಾರ. ಹಳೇದೊಂದು ಇಳಕಲ್ಲ ಸೀರಿ ಹಾಸಿ ಅದರಾಗ ಎರಡು ಕುಬಸ, ಒಂದು ಸ್ಟೀಲಿನ ವಾಟಗ, ಜಗಲಿ ಮ್ಯಾಲಿನ ವಿಭೂತಿ ಗಟ್ಟಿ, ಒಮ್ಮೊಮ್ಮೆ ಟಿವಿ ರಿಮೋಟ್, ಕೈಗೆ ಸಿಕ್ಕಿದ್ದೆಲ್ಲಾ ಹಾಕಿ ಬಿಗದು ಬಾಗಲದಾಗ ಬಂದು ನಿಂದರ್ತಾರ. "ನಡೀಯವ್ವ, ಹೊತ್ತು ಮುಳಗಾಕತ್ತೈತಿ, ಮನಿಗೆ ಹೋಗೂಣು" ಅಂತಾರ. ಇದ ನಿಮ್ಮ ಮನಿ ಅಲ್ರಿ ಅತ್ತಿ ಅಂತ ಮೊದಮೊದ್ಲು ನಾ ವಾದಾ ಮಾಡ್ತಿದ್ದೆ, ರೇಷನ್ ಕಾರ್ಡು, ಮಾವನವರ ಫೋಟೋ ಎಲ್ಲಾ ತೋರಿಸ್ತಿದ್ದೆ. ಅವರು ಫೋಟೋ ನೋಡಿ "ಇವರೂ ಇಲ್ಲೇ ಅದಾರೇನು? ಅವರನ್ನೂ ಕರಕೊಂಡು ಹೋಗೂಣು ನಡೀ" ಅಂತಿದ್ರು. ಮಾವನವರು ತೀರಿಕೊಂಡು ಒಂಬತ್ತು ವರ್ಷಾತು.

ನಾವಿರೂದು ಬಾಗಲಕೋಟಿ ನವನಗರದಾಗ. ಅತ್ತಿ ಹೋಗಬೇಕು ಅನ್ನೂ ಮನಿ ಹಳೇ ಊರಾಗಿತ್ತು, ಆಲಮಟ್ಟಿ ಹಿನ್ನೀರಿನಾಗ ಹೋತು. ಅಂದ್ರ ಮನಿಗೆ ಹೋಗೂಣು ಅಂದ್ರ ಕರಕೊಂಡು ಹೋಗಾಕ ಮನೀನ ಇಲ್ಲ. ಈ ಮರವಿನ ಜಡ್ಡಿದ್ದವರು ಎಲ್ಲಾ ಊರಾಗೂ ಸಂಜಿ ಮುಂದ ಹಿಂಗ ಅಂತಾರಂತ, ಹುಟ್ಟಿ ಬೆಳದ ಮನ್ಯಾಗ ಕುಂತವರೂ ಮನಿಗೆ ಹೋಗ್ತೀನಿ ಅಂತಾರಂತ, ಡಾಕ್ಟರು ಹೇಳಿದ್ರು. ಇರಬಹುದು. ಆದ್ರ ನಮ್ಮೂರಾಗ ಆ ಮಾತು ಕೇಳಿದ್ರ ಹೊಟ್ಯಾಗ ಬ್ಯಾರೇನ ಸಂಕಟ ಆಗ್ತೈತಿ, ಮುಳುಗಡಿ ಮಂದಿಗೆ ಗೊತ್ತು.

ಮೂರು ವರ್ಷದ ಹಿಂದ ಚಾಲೂ ಆಗಿದ್ದು ಇದು. ಮೊದ್ಲು ಪಲ್ಯಾಕ ಎರಡು ಸಲ ಉಪ್ಪು, ಆಮ್ಯಾಲ ಹಾಲಿನವಂಗ ಎರಡು ಸಲ ರೊಕ್ಕ, ಆಮ್ಯಾಲ ಮೊಮ್ಮಗನ ಹೆಸರು ಹಿಡದು ಅವರ ತಮ್ಮನ್ನ ಕರಿಯೂದು. ಮೊದ್ಲು ತೋರಿಸಿದ ಡಾಕ್ಟರು "ವಯಸ್ಸಾತಲ್ರಿ, ಇನ್ನೇನ್ ಇರ್ತೈತಿ" ಅಂದು ಶಕ್ತಿ ಗುಳಗಿ ಬರದು ಕಳಿಸಿದ್ರು, ಬೀಗರು ಬಿಜ್ಜರು ಅರವತ್ತಕ್ಕ ಅರಳು ಮರಳು ಅಂತ ಗಾದಿ ಹೇಳಿ ಮುಗಿಸಿದ್ರು, ನಮ್ಮತ್ತಿಗೆ ಎಪ್ಪತ್ತಮೂರು ಆಗಿತ್ತು ಆವಾಗ. ಹಿಂಗ ಒಂದು ವರ್ಷ ಹೋತು, ಅದರ ಸಿಟ್ಟು ನನಗ ಇನ್ನೂ ಇಳದಿಲ್ಲ. ಕಡೀಕ ಹುಬ್ಬಳ್ಳಿಯಾಗ ನರದ ಡಾಕ್ಟರಿಗೆ ತೋರಿಸಿದ್ವಿ. ಅವರು ಮೊದ್ಲು ರಕ್ತದಾಗ ಬಿ12, ಥೈರಾಯ್ಡ್ ನೋಡಿದ್ರು, ತಲಿ ಸ್ಕ್ಯಾನ್ ಮಾಡಿಸಿದ್ರು, ಯಾಕಂದ್ರ ಅವು ಏರುಪೇರಾದ್ರೂ ಮರವು ಬರ್ತೈತಿ, ಅಂಥಾದ್ದಾದ್ರ ಔಷಧದಾಗ ಸುಧಾರಸಬಹುದು. ನಮ್ಮತ್ತೀದು ಅದಲ್ಲ. ಅಲ್ಜೈಮರ್ ಅಂದ್ರು. ಡಿಮೆನ್ಶಿಯಾ ಅನ್ನೂದು ಇಂಥಾ ಜಡ್ಡಿಗೆಲ್ಲಾ ಒಟ್ಟು ಹೆಸರು, ಅದರಾಗ ನೂರಕ್ಕ 60-70 ಮಂದಿಗೆ ಇರೂದು ಅಲ್ಜೈಮರ್. 2023ರಾಗ ಬಂದ ಒಂದು ದೊಡ್ಡ ಅಧ್ಯಯನದ ಅಂದಾಜಿನ ಪ್ರಕಾರ ನಮ್ಮ ದೇಶದಾಗ 60 ದಾಟಿದವರಾಗ ನೂರಕ್ಕ 7.4 ಮಂದಿಗೆ, ಅಂದ್ರ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಐತಿ. ಇಷ್ಟು ಮಂದಿ ಇದ್ರ ನಮ್ಮ ಸೆಕ್ಟರ್‌ನ್ಯಾಗೂ ನಾಕ ಮನಿ ಇರಾಕಬೇಕಲ್ಲ, ಆದ್ರ ಯಾರೂ ಬಾಯಿ ಬಿಡಂಗಿಲ್ಲ, ಬಾಗಲ ಹಾಕ್ಕೊಂಡು ಕುಂತಿರ್ತೀವಿ ಎಲ್ಲಾರೂ.

ಹಾಡಿನ ಸುದ್ದಿ ಹಚ್ಚಿದ್ದು ನಮ್ಮ ಮಗ. ಬೆಂಗಳೂರಾಗ ಇರ್ತಾನ, ಮೊಬೈಲ್‌ನ್ಯಾಗ ವಿಡಿಯೋ ನೋಡಿ ನೋಡಿ ಕಳಿಸ್ತಾನ. ಸ್ಕಾಟ್ಲೆಂಡ್‌ನ್ಯಾಗ ಸ್ಯಾಲಿ ಮ್ಯಾಗ್ನಸನ್ ಅಂತ ಒಬ್ಬಾಕಿ ಪತ್ರಕರ್ತೆ, ಆಕಿ ಅವ್ವಗೂ ಡಿಮೆನ್ಶಿಯಾ ಇತ್ತಂತ, ಅವ್ವನ್ನ ನೋಡಿಕೊಂಡ ಅನುಭವದಾಗ ಆಕಿ 2013ರಾಗ ಒಂದು ಸಂಸ್ಥೆ ಚಾಲೂ ಮಾಡ್ಯಾಳ, ಒಬ್ಬೊಬ್ಬರ ಜೀವನದ ಹಾಡು ಹುಡುಕಿ ಪಟ್ಟಿ ಮಾಡೂದ ಅದರ ಕೆಲಸ. ಅವ್ವಾ ನೀನೂ ಆಯಿಗೆ ಹಂಗ ಮಾಡು ಅಂದ. ಹೇಳಾಕೇನು. ಒಂದು ಸಣ್ಣ ಬ್ಲೂಟೂತ್ ಸ್ಪೀಕರ್ ಕಳಿಸಿದ, ಕಿವ್ಯಾಗ ಹಾಕೂ ಹೆಡ್‌ಫೋನೂ ಕಳಿಸಿದ.

ಹೆಡ್‌ಫೋನ್ ಮೊದಲನೇ ದಿನಾನ ಸತ್ತು ಹೋತು. ತಲಿ ಮ್ಯಾಲ ಇಟ್ಟಕೂಡ್ಲೆ ಯಾರೋ ತಲಿ ಒತ್ತಿ ಹಿಡದಾರ ಅಂತ ಚೀರಿ ಕಿತ್ತು ಒಗದ್ರು. ಸ್ಪೀಕರ್ ಹಚ್ಚಿದೆ. ಸಂಗೀತ ಚಿಕಿತ್ಸೆ ಅಂತ ಯೂಟ್ಯೂಬ್‌ನ್ಯಾಗ ಹುಡುಕಿದ್ರ ರಾಶಿ ಬರ್ತಾವ, ಈ ರಾಗ ತಲಿನೋವಿಗೆ, ಆ ರಾಗ ನೆನಪಿಗೆ ಅಂತ, ಕೊಳಲು, ನೀರು ಹರಿಯೂ ಸಪ್ಪಳ. ಹಚ್ಚಿದೆ, ನೀರಿನ ಸಪ್ಪಳ ಕೇಳಿ ಅತ್ತಿ "ನಳ ಬಂದೈತಿ, ಕೊಡ ಹಚ್ಚು" ಅಂತ ಎದ್ದ ಬಿಟ್ರು. ಒಂದು ಖ್ಯಾಲ್ ಹಚ್ಚಿದೆ, ಯಾರದು ಅಂತ ಹೇಳಂಗಿಲ್ಲ, ನಮ್ಮ ಕಡೆ ಮಂದಿ ನನ್ನ ಬಡೀತಾರ. ಅತ್ತಿ ಎರಡು ಮಿನಿಟ ಕೇಳಿ, "ಯಾಕಂತ ಆ ಮನಷ್ಯಾಗ? ಏನು ಕಳಕೊಂಡಾನು?" ಅಂದ್ರು. ನಗು ಬಂತು, ಅಳುನೂ ಬಂತು.

ನಮ್ಮ ಮನಿಯವರು ಒಂದು ಐಡಿಯಾ ಮಾಡಿದ್ರು, ಶ್ರೀಕೃಷ್ಣ ಪಾರಿಜಾತ ಹಚ್ಚೂಣು ಅಂತ. ನಮ್ಮ ಕಡೆ ಬಯಲಾಟದ ಪಾರಿಜಾತ, ಕುಲಗೋಡ ತಮ್ಮಣ್ಣ ತಿದ್ದಿ ತೀಡಿ ಬೆಳೆಸಿದ್ದು, ಕೌಜಲಗಿ ನಿಂಗಮ್ಮ ಹೆಸರು ಮಾಡಿದ್ದು. ಮಾವನವರಿಗೆ ಅದರ ಹುಚ್ಚು, ಚಕ್ಕಡಿ ಕಟಗೊಂಡು ಹೋಗಿ ರಾತ್ರಿಯೆಲ್ಲಾ ಕುಂತು ಬರ್ತಿದ್ರಂತ. ಹಚ್ಚಿದ್ವಿ. ಅತ್ತಿ ಹತ್ತ ಮಿನಿಟಿಗೆ ಗೊರಕಿ ಹೊಡದ್ರು, ಇವರು ಸ್ಪೀಕರ್ ಮುಂದ ಕುಂತು ಗಳಗಳ ಅತ್ರು. ಆವಾಗ ನನಗ ಹೊಳೀತು, ಅದು ಮಾವನವರ ಹಾಡು, ಇವರ ಹಾಡು. ಅತ್ತಿ ಯಾವಾಗ ಹೋಗ್ಯಾರ ಪಾರಿಜಾತಕ್ಕ? ಗಂಡಸರು ಚಕ್ಕಡಿ ಹತ್ತಿದ್ರ ಇವರು ಮನ್ಯಾಗ ದನಾ ಕರಾ ನೋಡಿಕೊಂಡು, ಮುಂಜಾನಿ ಮೂರಕ್ಕ ಎದ್ದು ಜ್ವಾಳ ಬೀಸಬೇಕಿತ್ತು.

ಬೀಸಬೇಕಿತ್ತು ಅಂತ ಅನಕೊಂಡೆ ಆದ್ರ ಮುಂದಿಂದು ಆವಾಗ ಹೊಳೀಲಿಲ್ಲ. ಮತ್ತೂ ಎರಡು ತಿಂಗಳು ಯೂಟ್ಯೂಬ್ ಹಿಂದ ಹೋದೆ.

ನಮ್ಮ ಹಿತ್ತಲದಾಗ ಕರಿಬೇವಿನ ಗಿಡದ ಬುಡಕ ಒಂದು ಬೀಸೂಕಲ್ಲು ಬಿದ್ದಿತ್ತು. ಹಳೇ ಊರು ಬಿಡೂ ಮುಂದ ಅತ್ತಿ ಹಟಾ ಹಿಡದು ಅದನ್ನ ಟ್ರ್ಯಾಕ್ಟರ್‌ನ್ಯಾಗ ಹಾಕಿಸಿದ್ರು, ನಾ ಆವಾಗ ಹೊಸಾ ಸೊಸಿ, ಗಿರಣಿ ಮನಿ ಮುಂದೈತಿ, ಈ ಕಲ್ಲು ಯಾಕ ಬೇಕು ಅಂತ ಮನಸಿನಾಗ ಅನಕೊಂಡಿದ್ದೆ. ಬಾಯಿ ಬಿಟ್ಟು ಅನ್ನೂ ಧೈರ್ಯ ಇರಲಿಲ್ಲ. ಹೋದ ಶ್ರಾವಣದಾಗ ಒಂದಿನ ಸಂಜಿ ಗಂಟು ಹಿಡಕೊಂಡು ನನ್ನ ಬೆನ್ನ ಹಿಂದನ ಹಿತ್ತಲಕ್ಕ ಬಂದ್ರು, ನಾ ಒಣ ಹಾಕಿದ ಅರಬಿ ತಗಿಯಾಕತ್ತಿದ್ದೆ. ಹೊಳ್ಳಿ ನೋಡಿದ್ರ ಅತ್ತಿ ಕಲ್ಲಿನ ಮುಂದ ಕುಂತಾರ, ಒಂದು ಕಾಲು ಚಾಚಿ ಒಂದು ಕಾಲು ಮಡಿಚಿ, ಸೆರಗು ಸೊಂಟಕ್ಕ ಸಿಗಿಸಿ. ಗಂಟು ಬಾಜೂಕ ಬಿದ್ದಿತ್ತು. ಮ್ಯಾಲಿನ ಕಲ್ಲಿಗೆ ಗೂಟ ಇರಲಿಲ್ಲ, ಎಂದೋ ಮುರದಿತ್ತು, ಆದ್ರೂ ಬಲಗೈ ಗೂಟ ಹಿಡದಂಗ ಗಾಳ್ಯಾಗ ತಿರಗಾಕತ್ತಿತ್ತು, ಎಡಗೈ ಕಲ್ಲಿನ ಬಾಯಿಗೆ ಕಾಳು ಹಾಕಿದಂಗ ನಡಬರಕ ಒಮ್ಮೊಮ್ಮೆ ಬಗ್ಗತಿತ್ತು. ತುಟಿ ಅಲಗಾಡಾಕತ್ತಿದ್ವು. ಹತ್ರ ಹೋಗಿ ಕೇಳಿದ್ರ ಪದಾ.

ಒಂದು ಸಾಲು ಹಾಡಿ ನಿಂತ್ರು. ನನ್ನ ಕಡೆ ನೋಡಿದ್ರು. ಮತ್ತ ಅದ ಸಾಲು ಹಾಡಿ ಮತ್ತ ನಿಂತ್ರು. ಮರತಾರ ಅನಕೊಂಡೆ ನಾ. ಮೂರನೇ ಸಲಕ್ಕ ಸಿಟ್ಟಿಗೆದ್ದು, "ಸೊಲ್ಲು ಎತ್ತವ್ವ, ಬಾಯಾಗ ಏನು ಇಟಗೊಂಡಿ?" ಅಂದ್ರು. ಅವರು ಮರತಿರಲಿಲ್ಲ, ಜೋಡಿಯಾಕಿ ಎತ್ತಿಕೊಳ್ಳಲಿ ಅಂತ ಕಾಯಾಕತ್ತಿದ್ರು. ಬೀಸೂ ಪದಾ ಒಬ್ಬಾಕೀದಲ್ಲ, ಎದುರಾಬದುರಾ ಇಬ್ಬರು ಕುಂತು ಒಂದ ಗೂಟ ಹಿಡದು, ಒಬ್ಬಾಕಿ ಅಂದದ್ದನ್ನ ಇನ್ನೊಬ್ಬಾಕಿ ಎತ್ತಿಕೊಂಡು, ಹಂಗ ಮುಂದ ಒಯ್ಯೂದು. ಅದನ್ನ ಸ್ಪೀಕರ್‌ನ್ಯಾಗ ಹಚ್ಚಿ ಎದುರಿಗೆ ಇಟ್ರ ಏನು ಉಪಯೋಗ? ಸ್ಪೀಕರ್ ಸೊಲ್ಲು ಎತ್ತಂಗಿಲ್ಲ.

ನಾ ಗುಳೇದಗುಡ್ಡದಾಕಿ, ನೇಕಾರರ ಮನಿ, ಹುಟ್ಟಿದಾಗಿಂದ ಕೇಳಿದ್ದು ಖಣದ ಮಗ್ಗದ ಸಪ್ಪಳ, ಬೀಸೂ ಪದಾ ನನಗೆಲ್ಲಿಂದ ಬರಬೇಕು. ಅವರು ಅಂದದ್ದನ್ನ ತಪ್ಪೋ ಒಪ್ಪೋ ಹಂಗ ಹೊಳ್ಳಿ ಅಂದೆ. ಸಾಕು ಅವರಿಗೆ. ಎರಡನೇ ಸಾಲು ಬಂತು, ಮೂರನೇದು ಬಂತು. ಮುಂಜಾನಿ ಏನು ತಿಂದ್ರಿ ಅಂದ್ರ ಗೊತ್ತಿರಂಗಿಲ್ಲ ಇವರಿಗೆ, ನನ್ನ ಹೆಸರು ಗೊತ್ತಿಲ್ಲ, ಆವತ್ತು ಲೆಕ್ಕಾ ಇಟ್ಟೆ, ಹದಿನಾಕು ತ್ರಿಪದಿ ತಡವರಸದ ಹಾಡಿದ್ರು. ಹೊತ್ತು ಮುಳಗಿ ಕತ್ತಲಾಗಿತ್ತು, ಮನಿಗೆ ಹೋಗೂಣು ಅನ್ನೂ ಮಾತ ಬರಲಿಲ್ಲ. ಮರುದಿನ ಇವರು ಹಳೇ ಲಟ್ಟಣಗಿ ಕೆತ್ತಿ ಕಲ್ಲಿಗೆ ಗೂಟ ಬಡದ್ರು.

ಹಿಂಗ್ಯಾಕ ಅಂತ ಆಮ್ಯಾಲ ಓದಿದೆ, ಡಾಕ್ಟರನ್ನೂ ಕೇಳಿದೆ. ನಿನ್ನೆ ಮೊನ್ನೆ ಆಗಿದ್ದನ್ನ ಹಿಡದಿಡೂ ಭಾಗ ಮಿದುಳಿನಾಗ ಮೊದಲ ಕೆಡತೈತಿ ಈ ಜಡ್ಡಿನಾಗ. ಕೈ ಕಾಲಿಗೆ ರೂಢಿಯಾದ ಕೆಲಸದ ನೆನಪು ಬ್ಯಾರೆ ಕಡೆ ಇರ್ತೈತಿ, ಅದು ಭಾಳ ದಿವಸ ತಡೀತೈತಿ. ಹಾಡಿಂದೂ ಹಂಗ, 2015ರಾಗ ಜರ್ಮನಿ ಕಡೆ ವಿಜ್ಞಾನಿಗಳು ಮಿದುಳಿನ ಸ್ಕ್ಯಾನ್ ಹೋಲಿಸಿ ನೋಡಿ, ಹಳೇ ಹಾಡಿನ ನೆನಪಿಗೆ ಬೇಕಾಗೂ ಭಾಗಗಳು ಅಲ್ಜೈಮರ್‌ನ್ಯಾಗ ಉಳದದ್ದಕ್ಕಿಂತ ಕಡಿಮಿ ಹಾಳಾಗಿರ್ತಾವ ಅಂತ ತೋರಿಸಿದ್ರು. ಇನ್ನೊಂದು, ಹತ್ತರಿಂದ ಮೂವತ್ತು ವಯಸ್ಸಿನೊಳಗ ಕೇಳಿದ್ದು ಹಾಡಿದ್ದು ಎಲ್ಲಾರಿಗೂ ಗಟ್ಟಿ ಕುಂತಿರ್ತೈತಿ. ನಮ್ಮತ್ತಿ ಬಾದಾಮಿ ಕಡೆ ಹಳ್ಳ್ಯಾಗ ಹುಟ್ಟಿದವರು, ಹತ್ತು ಹನ್ನೊಂದಕ್ಕ ಅವರವ್ವನ ಎದುರಿಗೆ ಕುಂತು ಗೂಟ ಹಿಡದವರು. ಕೈ, ಬಾಯಿ, ವಯಸ್ಸು ಮೂರೂ ಕೂಡಿದ್ದು ಆ ಕಲ್ಲಿನಾಗ. ನಾ ಎಲ್ಲೆಲ್ಲೋ ಹುಡಕಾಕತ್ತಿದ್ದೆ.

ವಿಜಯಪುರ ಕಡೆ ಹಲಸಂಗಿ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಅವರೆಲ್ಲಾ, ಊರೂರು ತಿರುಗಿ ಇಂಥಾ ಹೆಣ್ಮಕ್ಕಳ ಪದಾ ಕೇಳಿ ಬರಕೊಂಡು ಪುಸ್ತಕ ಮಾಡಿದ್ದು ಶಾಲಿಯಾಗ ಓದಿದ್ದೆ, ಪರೀಕ್ಷೆಗೆ ಎರಡು ಮಾರ್ಕಿನ ಪ್ರಶ್ನೆ ಅದು ನನಗ. ಈಗ ಅತ್ತಿ ಹಾಡಿದ್ದನ್ನ ನಾನೂ ಒಂದು ನೋಟ್‌ಬುಕ್‌ನ್ಯಾಗ ಬರಕೋತೀನಿ, ಇಲ್ಲಾಂದ್ರ ನಾಳೆ ಸೊಲ್ಲು ಎತ್ತಾಕ ನನಗೂ ನೆನಪಿರಂಗಿಲ್ಲ. ಮೂವತ್ತೊಂದು ಆಗ್ಯಾವ. ಬರಿಯೂದರಾಗ ಒಂದು ಮಜಾ ಗೊತ್ತಾತು, ಈ ಪದಗಳಾಗ ಊರಿನ ಹೆಸರು, ಅಣ್ಣನ ಹೆಸರು ಇರೂ ಜಾಗ ಖಾಲಿ ಇದ್ದಂಗ ಇರ್ತೈತಿ, ಹಾಡೂ ಹೆಣ್ಮಗಳು ತನ್ನ ತವರು, ತನ್ನ ಅಣ್ಣತಮ್ಮರನ್ನ ಅಲ್ಲಿ ಕೂಡಿಸಿಕೋತಾಳ. ಅತ್ತಿ ದಿನಾ ತಮ್ಮ ತವರಿನ ಹೆಸರು ಹಾಕ್ತಿದ್ರು. ಒಂದಿನ ಹಾಡೂದು ನಿಂದರಿಸಿ, "ನಿನ್ನ ತವರು ಯಾವೂರವ್ವ?" ಅಂದ್ರು. ಗುಳೇದಗುಡ್ಡ ಅಂದೆ. ಒಂದು ಗಳಿಗಿ ತುಟಿ ಮಿಸುಕಾಡಿದ್ವು, ಲೆಕ್ಕಾ ಹಾಕಿದಂಗ, ಮುಂದಿನ ಪದದಾಗ ಗುಳೇದಗುಡ್ಡ ಬಂದು ಕುಂತಿತ್ತು, ದಾಟಿ ಒಂಚೂರೂ ಕೆಡಲಿಲ್ಲ.

ಇಲ್ಲೆ ಒಂದು ಮಾತು ಹೇಳಬೇಕು. ನಮ್ಮತ್ತಿ ಹಿಂದಕ ಹಗರ ಇರಲಿಲ್ಲ. ಗುಳೇದಗುಡ್ಡದವರು ಖಣ ನೇಯಾಕ ಬಲ್ಲರು, ರೊಟ್ಟಿ ಬಡಿಯಾಕ ಬರಂಗಿಲ್ಲ ಅಂತ ಹತ್ತು ಮಂದಿ ಮುಂದ ಅಂದವರು, ನನ್ನ ತವರಿನ ಹೆಸರು ತಗದ್ರ ಅದು ಬೈಗಳಾನ ಅಂತ ಇಪ್ಪತ್ತು ವರ್ಷ ಬದುಕಿದ್ದೆ ನಾ. ಈಗ ಅವರಿಗೆ ನಾ ಯಾರು ಅಂತ ಗೊತ್ತಿಲ್ಲ, ಓಣ್ಯಾಗಿನ ಯಾರೋ ಹುಡುಗಿ, ಬೀಸಾಕ ಜೊತಿ ಬಂದಾಕಿ. ಆ ಹುಡುಗಿ ತವರನ್ನ ಹಾಡಿನಾಗ ಹೊಗಳತಾರ. ಇದನ್ನ ಖುಷಿ ಅನ್ನಬೇಕೋ ಏನನ್ನಬೇಕೋ, ನಾ ಇನ್ನೂ ಅದರಾಗ ಅದೀನಿ.

ಎಲ್ಲಾ ಛಲೋನ ಆತು ಅಂತ ತಿಳಕೋಬ್ಯಾಡ್ರಿ. ಕಲ್ಲು ಜಡ, ಖಾಲಿ ತಿರುವಿದ್ರ ಕಲ್ಲಿಗೆ ಕಲ್ಲು ತಿಕ್ಕಿ ಹುಡಿ ಏಳತೈತಿ, ಬರೇ ಒಂದು ಹಿಡಿ ಜ್ವಾಳ ಹಾಕ್ತೀನಿ, ಜೋರ ನಂದು, ಅವರ ಕೈ ನನ್ನ ಕೈ ಮ್ಯಾಲ ಇರ್ತೈತಿ ಅಷ್ಟ. ಹಿಟ್ಟು ಎಲ್ಲಿ, ನುಚ್ಚು ಬೀಳತೈತಿ, ಓಣಿ ಆಕಳಿಗೆ ಹಾಕ್ತೀವಿ. ಕೆಲವು ಪದಾ ಮುಟ್ಟಬಾರದು. ಅಣ್ಣ ಕರಿಯಾಕ ಬರಲಿಲ್ಲ ಅನ್ನೂ ದಾಟೀದು ಒಂದೈತಿ, ಅದನ್ನ ಹಾಡಿದ ದಿನ ಅತ್ತಿ ಅಣ್ಣನ್ನ ನೆನಸಿ ರಾತ್ರಿ ಹನ್ನೊಂದರ ತನಕ ಅತ್ರು. ತೀರಿಕೊಂಡು ಭಾಳ ವರ್ಷಾತ್ರಿ ಅಂತ ಹೇಳಿದ್ದು ನನ್ನ ತಪ್ಪು, ಅವರಿಗೆ ಅದು ಆವತ್ತ ಬಂದ ಸಾವಿನ ಸುದ್ದಿ, ಮತ್ತ ಎದಿ ಬಡಕೊಂಡ್ರು. ಈಗ ಆ ಪದಾ ಬಾಯಿಗೆ ಬಂತಂದ್ರ ಬ್ಯಾರೇದು ಎತ್ತಿ ಹೊಳ್ಳಿಸಿಬಿಡ್ತೀನಿ, ಅಣ್ಣ ಎಲ್ಲಿ ಅಂದ್ರ ನಿಮ್ಮಣ್ಣ ಹೆಂಗಿದ್ದ ಹೇಳ್ರಿ ಅಂತ ಕೇಳ್ತೀನಿ, ಸುಳ್ಳೂ ಆಗಂಗಿಲ್ಲ. ಯೂಟ್ಯೂಬ್ ಹಚ್ಚೂ ಮಂದಿಗೆ ಒಂದ ಮಾತು, ಮೊದ್ಲ ಹಾಡು ಇಳಿಸಿಕೊಂಡು ಇಟಗೋರಿ, ನಡಬರಕ ಜಾಹೀರಾತು ಬಂದು ಗಂಡಸು ದನಿ ಒದರಿದ್ರ ಮನ್ಯಾಗ ಯಾರೋ ಹೊಕ್ಕಾರ ಅಂತ ಅಂಜತಾರ. ಕಿವಿ ಎಷ್ಟು ಕೇಳತೈತಿ ಅಂತ ತೋರಿಸ್ರಿ. ನಮ್ಮತ್ತಿಗೆ ಎಡಗಿವಿ ಮಂದ ಅಂತ ನಮಗ ಗೊತ್ತಾಗಿದ್ದ ಈ ಗದ್ಲದಾಗ.

ಹಾಡಿನಿಂದ ನೆನಪು ಹೊಳ್ಳಿ ಬರ್ತೈತಿ ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ. ವೈದ್ಯಕೀಯ ಅಧ್ಯಯನಗಳನ್ನ ಒಟ್ಟುಗೂಡಿಸಿ ಪರೀಕ್ಷೆ ಮಾಡೂ ಕೊಕ್ರೇನ್ ಅನ್ನೂ ಸಂಸ್ಥೆಯವರು 2018ರಾಗ 22 ಅಧ್ಯಯನ ಕೂಡಿಸಿ ನೋಡ್ಯಾರ. ಕನಿಷ್ಠ ಐದು ಸಲ ಸಂಗೀತ ಚಿಕಿತ್ಸೆ ಕೊಟ್ರ ಮನಸಿನ ಬ್ಯಾಸರ ಕಡಿಮಿ ಆಗೂದು, ಒಟ್ಟು ವರ್ತನೆ ಸುಧಾರಸೂದು ಕಾಣತೈತಿ, ನೆನಪಿಗೆ ಅಂಥಾ ಫರಕು ಇಲ್ಲ ಅಂತ ಅದರಾಗಿತ್ತು. ಸಿಟ್ಟು ಗದ್ದಲಕ್ಕೂ ದೊಡ್ಡ ಫರಕು ಸಿಕ್ಕಿಲ್ಲಂತ. ನಮ್ಮ ಮನ್ಯಾಗ ಸಂಜಿ ಗದ್ದಲ ಕಡಿಮಿ ಆಗೈತಿ, ಅದು ನಮ್ಮನಿ ಮಾತು, ಅದೂ ದಿನಾ ಅಲ್ಲ. ವಾರದಾಗ ಎರಡು ದಿನ ಗಂಟು ಗೆಲ್ಲತೈತಿ. ಆವಾಗ ಗಂಟು ನಾ ಹಿಡಕೊಂಡು, ಇಬ್ಬರೂ ಸೆಕ್ಟರ್ ಒಂದು ಸುತ್ತು ಹಾಕಿ ಬರ್ತೀವಿ. ಗುಳಗಿ ಅಂತೂ ತಪ್ಪಿಸಿಲ್ಲ. ಮತ್ತ ಒಮ್ಮಿಂದೊಮ್ಮೆಲೆ ಒಂದೆರಡು ದಿನದಾಗ ಭಾಳ ಗೊಂದಲ ಆದ್ರ ಹಾಡಿಕೋತ ಕೂಡಬ್ಯಾಡ್ರಿ, ದವಾಖಾನಿಗೆ ಓಡ್ರಿ, ನಮ್ಮತ್ತಿಗೆ ಸಂಕ್ರಾಂತಿ ಮುಂದ ಹಂಗಾಗಿದ್ದು ಮೂತ್ರದ ಸೋಂಕು.

ಕಲ್ಲು ಬಿಟ್ಟು ಹಾಡು ನನಗ ಜಾಸ್ತಿ ಕೈಗೆ ಬಂದದ್ದು ಜಳಕದ ವ್ಯಾಳ್ಯಾಕ. ಬಚ್ಚಲಕ್ಕ ಕರಿಯೂದು ಅಂದ್ರ ಜಗಳಾನ, ಚಿವುಟೂದು, ಉಗುಳೂದು. ಸ್ವೀಡನ್‌ನ್ಯಾಗ ನರ್ಸ್‌ಗಳು ಮುಂಜಾನಿ ಜಳಕ, ಅರಬಿ ಹಾಕೂ ಕೆಲಸ ಮಾಡೂ ಮುಂದ ತಾವ ಹಾಡಿಕೋತ ಮಾಡಿದ್ರ, ಬಾಯಿಲೆ ಅಷ್ಟು ಹೇಳೂದ ಬೇಕಾಗಲಿಲ್ಲ, ಜಡ್ಡಿದ್ದವರು ತಾವ ತಿಳಕೊಂಡು ಸಹಕಾರ ಕೊಟ್ರು ಅಂತ ಅಧ್ಯಯನ ಐತಿ. ನಾನೂ "ಕೈ ಎತ್ರಿ, ಬಗ್ಗರಿ, ಕಣ್ಣು ಮುಚ್ಚರಿ" ಅಂತ ಹುಕುಂ ಕೊಡೂದು ಬಿಟ್ಟು ಕೂಸಿಗೆ ನೀರು ಹಾಕೂ ಮುಂದ ಹಾಡೂ ಪದಾ ಗುನುಗಾಕ ಹತ್ತಿದೆ. ನನ್ನ ದನಿ ಕಾಗಿ ದನಿ, ನಡೀತೈತಿ. ಈಗ ಜಗಳ ಅರ್ಧಕ್ಕ ಇಳದೈತಿ, ಯಾಕಂದ್ರ ಹಾಡೂ ಮುಂದ ನನಗ ಸಿಟ್ಟು ಮಾಡಾಕ ಬರಂಗಿಲ್ಲ, ಎರಡೂ ಒಂದ ಬಾಯಾಗ ಆಗಂಗಿಲ್ಲ. ಅವರಿಗೆ ಎಷ್ಟು ಉಪಯೋಗ ಆತೋ, ಖರೇ ಹೇಳಬೇಕಂದ್ರ ಜಾಸ್ತಿ ಉಪಯೋಗ ಆಗಿದ್ದು ನನಗ. ಹೋದ ವರ್ಷ ಒಂದಿನ ಅವರ ಕೈ ಜಗ್ಗಿ ನೀಲಿ ಕಟ್ಟಿತ್ತು, ಅದನ್ನ ನೋಡಿಕೋತ ರಾತ್ರಿಯೆಲ್ಲಾ ಕುಂತಿದ್ದೆ, ಯಾರಿಗೂ ಹೇಳಿರಲಿಲ್ಲ. ಆವಾಗ 14416ಕ್ಕ, ಟೆಲಿ ಮಾನಸ್ ಅಂತ ಮನಸಿನ ತ್ರಾಸು ಹೇಳಿಕೊಳ್ಳೂ ಸರಕಾರದ್ದ ಸಹಾಯವಾಣಿ ಐತಿ, ಫೋನ್ ಹಚ್ಚಿ ಕನ್ನಡದಾಗ ಮಾತಾಡಿದೆ, ಅತ್ತಿ ಸಲುವಾಗಿ ಅಂತ ಚಾಲೂ ಮಾಡಿದ್ದು ಪೂರ್ತಿ ನಂದ ಹೇಳಿಕೊಂಡೆ.

ನಮ್ಮ ಮನಿಯವರು ಮಾತ್ರ ಕಲ್ಲಿನ ಮುಂದ ಕೂಡಾಕ ಒಲ್ಲೆ ಅಂತಿದ್ರು. ಗೂಟ ಮಾಡಿ ಕೊಟ್ಟೀನಿ, ಜ್ವಾಳ ತಂದು ಕೊಡ್ತೀನಿ, ಹೆಣ್ಮಕ್ಕಳ ಪದಾ ನನಗ ಬರಂಗಿಲ್ಲ, ಓಣ್ಯಾಗ ನಗತಾರ. ಜಗಳ ಮಾಡಿದೆ, ಆಗಲಿಲ್ಲ. ಹೋದ ತಿಂಗಳು ನಮ್ಮಣ್ಣನ ಮಗಳ ಲಗ್ನ ಬಂತು ಗುಳೇದಗುಡ್ಡದಾಗ, ಎರಡು ದಿನ ಹೋಗಬೇಕು, ಮೂರು ವರ್ಷದಾಗ ಮೊದಲನೇ ಸಲ ತವರಿಗೆ ವಸ್ತಿ ಹೊಂಟಿದ್ದೆ. ನೋಟ್‌ಬುಕ್ ಟಿವಿ ಮ್ಯಾಲ ಇಟ್ಟೀನಿ ಅಂತ ಹೇಳಿ ಬಸ್ ಹತ್ತಿದೆ.

ಸಂಜಿ ಐದೂವರಿಗೆ ಫೋನ್ ಬಂತು. ನಾ ಪೆಂಡಾಲದ ಹಿಂದ ಹತ್ತು ಮಂದಿ ಹೆಣ್ಮಕ್ಕಳ ಜೊತಿ ಹೋಳಿಗಿ ಮಾಡಾಕತ್ತಿದ್ದೆ, ಕೈತುಂಬ ಹಿಟ್ಟು.

"ಲೇ, ನಿನ್ನ ಅಕ್ಷರ ಏನೂ ತಿಳಿಯವಲ್ದು. ಈ ಹನ್ನೆರಡನೇ ಪದದ್ದು ಎರಡನೇ ಸಾಲು ಏನದು? ಅವ್ವ ಬೈಯಾಕತ್ತಾಳ ನನಗ."

"ಕಲ್ಲಿನ ಮುಂದ ಕುಂತೀರೇನು?"

"ಕುಂತೀನಿ ಮಾರಾಯ್ತಿ, ಹೇಳು ಲಗೂ."

ಫೋನು ಸ್ಪೀಕರ್‌ಗೆ ಹಾಕ್ರಿ ಅಂದೆ. ಮಂದಿ ನೋಡಾಕತ್ತಿದ್ರು, ನೋಡ್ಲಿ ಬಿಡು ಅಂತ ಎರಡನೇ ಸಾಲು ಅಲ್ಲೇ ದನಿ ತಗದು ಅಂದೆ. ಆ ಕಡೆ ಕಲ್ಲು ಗರಗರ ಅಂತಿತ್ತು, ಮೂರನೇ ಸಾಲು ಅತ್ತಿ ಎತ್ತಿದ್ರು, ಅವರ ಹಿಂದ ಇವರದು ಒಡಕ ದನಿ. ಮುಂದಿನ ಪದಾ ಅವರ ಚಾಲೂ ಮಾಡಿದ್ರು. ನಾ ಫೋನು ಕಟ್ ಮಾಡಲಿಲ್ಲ, ಹಿಟ್ಟಿನ ಕೈಲೇ ಸೊಂಟಕ್ಕ ಸಿಗಿಸಿಕೊಂಡು ಮತ್ತ ಲಟ್ಟಣಗಿ ಹಿಡದೆ.